ಹೊಗಳಿಕೆಯೊಳಗಿನ ‘ಇಲ್ಲ’: ಕಡತ ಏರಿಸುವ ಸೇವೆಗಳ ಬಗೆಗಿನ ಗ್ರಾಹಕಾಭಿಪ್ರಾಯಗಳ ಭಾಷೆ

ಗ್ರಾಹಕರ ಅಭಿಪ್ರಾಯಗಳನ್ನು ಭಾಷಿಕ ದೃಷ್ಟಿಯಿಂದ ಅಭ್ಯಸಿಸುವವರು ಸಾಮಾನ್ಯವಾಗಿ ಗುಣವಾಚಕಗಳಿಂದ ತೊಡಗುತ್ತಾರೆ. ಊಟದ ಬಗ್ಗೆ ‘ರುಚಿಯಾದ’, ಚಲನಚಿತ್ರದ ಬಗ್ಗೆ ‘ಸೊಗಸಾದ’, ವಸತಿಗೃಹದ ಬಗ್ಗೆ ‘ಚೊಕ್ಕಟವಾದ’ ಎಂಬಂತಹ ಪದಗಳನ್ನು ಕಲೆಹಾಕಿದರೆ ಮೆಚ್ಚುಗೆಯ ಒಂದು ಸ್ಥೂಲ ನಕ್ಷೆ ದೊರೆಯುತ್ತದೆ. ಆದರೆ ವೆಬ್ ಡೆವಲಪರುಗಳು ತಾವು ಹಣ ತೆತ್ತು ಬಳಸುವ ಕಡತ ಏರಿಸುವ ಸೇವೆಗಳನ್ನು ಮೆಚ್ಚುವ ಮಾತುಗಳಿಗೆ ಈ ವಿಧಾನ ಒಗ್ಗುವುದಿಲ್ಲ. ಅಲ್ಲಿ ಗುಣವಾಚಕಗಳು ವಿರಳ, ಇರುವವೂ ಸಪ್ಪೆ. ಮೆಚ್ಚುಗೆಯ ಭಾರವನ್ನೆಲ್ಲ ಹೊರುವುದು ನಿಷೇಧ: ಏನು ಕೆಡಲಿಲ್ಲ, ಯಾವುದನ್ನು ಯೋಚಿಸಬೇಕಾಗಲಿಲ್ಲ, ಯಾರೂ ದೂರಲಿಲ್ಲ ಎಂಬ ಹೇಳಿಕೆಗಳು. ಇಂಥ ಅಭಿಪ್ರಾಯಗಳು ಬಹುಪಾಲು ಇಂಗ್ಲಿಷಿನಲ್ಲಿಯೇ ಹುಟ್ಟುತ್ತವೆ. ಆದರೂ ಕನ್ನಡದ ವ್ಯಾಕರಣವನ್ನು ಪಕ್ಕಕ್ಕಿಟ್ಟು ನೋಡಿದಾಗ ಅವುಗಳಲ್ಲಿ ಅಡಗಿದ ಕೆಲವು ಭೇದಗಳು ಸ್ಪಷ್ಟವಾಗುತ್ತವೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಅಂಕಿ ಹಾಕಿ ಕೊಟ್ಟಿರುವ ವಾಕ್ಯಗಳೆಲ್ಲ ವಿವರಣೆಗಾಗಿ ರಚಿಸಿದವು. ಯಾವುದೇ ನಿರ್ದಿಷ್ಟ ಗ್ರಾಹಕರ ಮಾತುಗಳಲ್ಲ.

ಸೇವೆ ಯಾವುದು, ಗ್ರಾಹಕ ಯಾರು

ಬ್ರೌಸರಿನ ಮೂಲಕ ಕಡತವೊಂದನ್ನು ಕಳುಹಿಸುವ ಕ್ರಮಕ್ಕೆ ಲಿಖಿತ ರೂಪ ಸಿಕ್ಕಿದ್ದು 1995ರ ನವೆಂಬರಿನಲ್ಲಿ. ಝೆರಾಕ್ಸ್ ಸಂಸ್ಥೆಯ ಇ. ನೆಬೆಲ್ ಮತ್ತು ಎಲ್. ಮಾಸಿಂಟರ್ ಬರೆದ ಆರ್‌ಎಫ್‌ಸಿ 1867 ಎಂಬ ದಸ್ತಾವೇಜು ವೆಬ್ ಅರ್ಜಿ ನಮೂನೆಯೊಳಗೆ ‘ಕಡತ’ ಎಂಬ ಹೊಸ ಬಗೆಯ ಖಾನೆಯನ್ನು ಸೇರಿಸಲು ಸೂಚಿಸಿತು. ಇಂದಿಗೂ ‘ಫೈಲ್ ಆಯ್ಕೆಮಾಡಿ’ ಎಂಬ ಗುಂಡಿಯ ಹಿಂದಿರುವುದು ಆ ಸೂಚನೆಯೇ. ಗುಂಡಿಯನ್ನು ಇಡುವುದು ಒಂದು ಸಾಲಿನ ಕೆಲಸ. ಅದು ಒತ್ತಿದ ಮೇಲೆ ನಡೆಯಬೇಕಾದದ್ದು ಹಾಗಲ್ಲ. ಪಿಎಚ್‌ಪಿ ಭಾಷೆಯ ಮೂಲ ಸಂಯೋಜನೆಯಲ್ಲಿ ಏರಿಸಬಹುದಾದ ಕಡತದ ಗರಿಷ್ಠ ಗಾತ್ರ 2 ಎಂಬಿ. ಎಂಜಿನ್‌ಎಕ್ಸ್ ಸರ್ವರಿನಲ್ಲಿ ಏನನ್ನೂ ಬದಲಿಸದೆ ಬಿಟ್ಟರೆ 1 ಎಂಬಿ ದಾಟಿದ ಕೋರಿಕೆಗೆ 413 ಎಂಬ ದೋಷಸಂಖ್ಯೆ ಮರಳುತ್ತದೆ. ಮೊಬೈಲ್ ಸಂಪರ್ಕ ನಡುವೆ ಕಡಿದರೆ ಮತ್ತೆ ಮೊದಲಿನಿಂದ ತೊಡಗಬೇಕು. ಐಫೋನುಗಳು 2017ರಿಂದ ಚಿತ್ರಗಳನ್ನು ಹೈಕ್ ಎಂಬ ಹೊಸ ರೂಪದಲ್ಲಿ ಉಳಿಸತೊಡಗಿದಾಗ ಅದನ್ನು ಬಲ್ಲದ ಜಾಲತಾಣಗಳಲ್ಲಿ ಚಿತ್ರಗಳೇ ತೆರೆಯದಾದವು. ನೆಟ್ಟಗೆ ನಿಂತು ತೆಗೆದ ಭಾವಚಿತ್ರ ಅಡ್ಡ ಮಲಗಿ ಕಾಣುವುದು, ವೈರಸ್ ಹೊತ್ತ ಕಡತ ಒಳನುಸುಳುವುದು ಮುಂತಾದವು ಬೇರೆ.

ಈ ತಾಪತ್ರಯಗಳನ್ನು ಡೆವಲಪರನ ಪರವಾಗಿ ನಿಭಾಯಿಸುವುದೇ ಕಡತ ಏರಿಸುವ ಸೇವೆಗಳ ವ್ಯವಹಾರ. 2012ರಲ್ಲಿ ಫೈಲ್‌ಪಿಕರ್ ಎಂದು ತೊಡಗಿ ಅನಂತರ ಫೈಲ್‌ಸ್ಟ್ಯಾಕ್ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ, ಅಪ್‌ಲೋಡ್‌ಕೇರ್, ಟ್ರಾನ್ಸ್‌ಲೋಡಿಟ್, ಚಿತ್ರಗಳಿಗೆ ಹೆಸರಾದ ಕ್ಲೌಡಿನರಿ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಡೆವಲಪರ್ ಕೆಲವು ಸಾಲು ಕೋಡ್ ಸೇರಿಸುತ್ತಾನೆ. ಕಡತವು ಅವನ ಸರ್ವರನ್ನು ಮುಟ್ಟದೆಯೂ ಸೇವಾಸಂಸ್ಥೆಯ ಉಗ್ರಾಣವನ್ನು ಸೇರಬಲ್ಲದು.

ಭಾಷಾವಿಶ್ಲೇಷಣೆಗೆ ಇಲ್ಲೊಂದು ಸಂಗತಿ ಮುಖ್ಯ. ಹೋಟೆಲಿನ ಬಗ್ಗೆ ಬರೆಯುವವನು ಉಂಡವನೇ. ಆದರೆ ಈ ಸೇವೆಯ ಬಗ್ಗೆ ಅಭಿಪ್ರಾಯ ಹೇಳುವ ಗ್ರಾಹಕ ಕಡತ ಏರಿಸುವವನಲ್ಲ. ಇತರರು ಏರಿಸಲಿ ಎಂದು ವ್ಯವಸ್ಥೆ ಮಾಡಿದವನು. ಕಡತದ ಒಡೆಯ ಬೇರೆ, ಸೇವೆಯ ಗ್ರಾಹಕ ಬೇರೆ. ಈ ಬಿರುಕು ವಾಕ್ಯರಚನೆಯಲ್ಲಿ ಹೇಗೆ ಮೂಡುತ್ತದೆ ಎಂಬುದನ್ನು ಮುಂದೆ ನೋಡೋಣ. (‘ಕಡತ’ವೆಂಬ ಪದದ ಬಗ್ಗೆ ಒಂದು ಮಾತು: ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಮಡಿಸಿಟ್ಟ, ಬಳಪದಿಂದ ಬರೆಯುತ್ತಿದ್ದ ಬಟ್ಟೆಯ ಪುಸ್ತಕಕ್ಕೆ ಆ ಹೆಸರಿತ್ತು. ಕಚೇರಿಯ ಫೈಲಿಗೆ ಅದೇ ಪದ ಬಂದು, ಈಗ ಗಣಕದ ಫೈಲಿಗೂ ದಾಟಿದೆ. ಮಾತಿನಲ್ಲಿ ಮಾತ್ರ ಎಲ್ಲರೂ ‘ಫೈಲ್’ ಎನ್ನುತ್ತಾರೆ. ಉದಾಹರಣೆಗಳಲ್ಲಿ ನಾನೂ ಹಾಗೆಯೇ ಬಳಸಿದ್ದೇನೆ.)

ಕೆಡದಿರುವುದೇ ಗುಣ

ಮೇಲೆ ಹೇಳಿದ ತಾಪತ್ರಯಗಳ ಪಟ್ಟಿಯನ್ನು ಗಮನಿಸಿದರೆ, ಇಲ್ಲಿ ಮೆಚ್ಚುಗೆ ಏಕೆ ನಿಷೇಧರೂಪ ತಾಳುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ನಿಷೇಧವಾಕ್ಯವು ಬರಿಯ ಗೈರುಹಾಜರಿಯ ವರದಿಯಲ್ಲ. ಹಾಜರಾಗಬಹುದಾಗಿದ್ದ ಒಂದನ್ನು ಅದು ಪೂರ್ವಗ್ರಹಿಸುತ್ತದೆ. ‘ಮನೆಯಲ್ಲಿ ಆನೆ ಇಲ್ಲ’ ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ಇರುತ್ತದೆಂದು ಯಾರೂ ನಿರೀಕ್ಷಿಸಿರುವುದಿಲ್ಲ. ಹಾಗಾಗಿ ‘ದೊಡ್ಡ ವಿಡಿಯೋ ನಡುವೆ ನಿಲ್ಲಲಿಲ್ಲ’ ಎಂಬ ಹೊಗಳಿಕೆಯು, ದೊಡ್ಡ ವಿಡಿಯೋ ನಡುವೆ ನಿಲ್ಲುವುದು ವಾಡಿಕೆ ಎಂಬ ಅನುಭವವನ್ನೂ ತನ್ನೊಡನೆ ತರುತ್ತದೆ. ಹೇಳುವವನೂ ಕೇಳುವವನೂ ಆ ಅನುಭವವನ್ನು ಹಂಚಿಕೊಂಡಿದ್ದಾರೆ. ವೃತ್ತಿಬಾಂಧವರ ನಡುವಿನ ಮಾತು ಇದು.

ಭಾವವಿಶ್ಲೇಷಣೆ ಎಂದು ಕರೆಯಲಾಗುವ ಗಣಕಭಾಷಾಶಾಸ್ತ್ರದ ಕ್ಷೇತ್ರದಲ್ಲಿ ಇದರ ನೆರಳು ಮೊದಲೇ ಬಿದ್ದಿತ್ತು. ಪೀಟರ್ ಟರ್ನಿ 2002ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ‘ಊಹಿಸಲಾಗದ’ ಎಂಬರ್ಥದ ಇಂಗ್ಲಿಷ್ ಪದದ ಉದಾಹರಣೆ ಬರುತ್ತದೆ: ಚಲನಚಿತ್ರದ ಕಥೆಗೆ ಅದು ಹೊಗಳಿಕೆ, ಕಾರಿನ ಚುಕ್ಕಾಣಿಗೆ ತೆಗಳಿಕೆ. ಡೆವಲಪರುಗಳ ಲೋಕದಲ್ಲಿ ಇದರ ಮಗ್ಗುಲು ಇನ್ನಷ್ಟು ಹೊರಳಿದೆ. ಡ್ಯಾನ್ ಮೆಕಿನ್ಲಿ ಎಂಬ ಎಂಜಿನಿಯರ್ 2015ರಲ್ಲಿ ಬರೆದ ಪ್ರಬಂಧವೊಂದು ‘ಬೋರಿಂಗ್’ ತಂತ್ರಜ್ಞಾನವನ್ನೇ ಆರಿಸಿಕೊಳ್ಳಿರೆಂದು ವಾದಿಸಿತು. ಆ ವೃತ್ತಿಯಲ್ಲಿ ‘ಬೋರ್ ಹೊಡೆಸುವ’ ಎಂಬುದು ಮೆಚ್ಚುಗೆ, ‘ರೋಮಾಂಚಕ’ ಎಂಬುದು ಎಚ್ಚರಿಕೆ. ಹೋಟೆಲು, ಸಿನಿಮಾಗಳ ಅಭಿಪ್ರಾಯಗಳಿಂದ ಕಲಿತ ಯಂತ್ರವೊಂದಕ್ಕೆ ಇಂಥ ವಾಕ್ಯ ಒಡ್ಡಿದರೆ ಅದು ಮೆಚ್ಚಿದ್ದನ್ನು ದೂರು ಎಂದು ಎಣಿಸುವ ಸಂಭವ ಹೆಚ್ಚು.

ಕನ್ನಡಿಗರಿಗೆ ಈ ಬಗೆಯ ಹೊಗಳಿಕೆ ಅಪರಿಚಿತವಲ್ಲ. ಪಂಪ್‌ಸೆಟ್ಟು, ಸ್ಕೂಟರು, ಗೋಡೆಗಡಿಯಾರ ಇವುಗಳನ್ನು ನಾವು ಮೆಚ್ಚುವುದೇ ‘ಇಲ್ಲ’ದ ಮೂಲಕ: ‘ಹತ್ತು ವರ್ಷವಾಯಿತು, ಕೈಕೊಟ್ಟಿಲ್ಲ.’ ಊಟ ಹೇಗಿತ್ತೆಂದರೆ ‘ಮೋಸವಿಲ್ಲ’. ಒಪ್ಪಿಗೆಯೇ ಎಂದರೆ ಉತ್ತರ ಕರ್ನಾಟಕದಲ್ಲಿಯೂ ಕರಾವಳಿಯಲ್ಲಿಯೂ ‘ಅಡ್ಡಿಯಿಲ್ಲ’. ಎಲ್ಲಕ್ಕಿಂತ ಕಠಿನವಾದದ್ದು ‘ಪರವಾಗಿಲ್ಲ’. ರೂಪದಲ್ಲಿ ನಿಷೇಧವಾದ ಈ ಪದವು ಕ್ಷಮಿಸುವುದಕ್ಕೂ, ಸಂಕೋಚದಿಂದ ನಿರಾಕರಿಸುವುದಕ್ಕೂ, ಅರೆಮನಸ್ಸಿನ ಒಪ್ಪಿಗೆಗೂ, ದನಿ ಏರಿಸಿ ‘ಪರವಾಗಿಲ್ಲವೇ!’ ಎಂದಾಗ ಅಚ್ಚರಿ ಬೆರೆತ ನಿಜವಾದ ಮೆಚ್ಚುಗೆಗೂ ಒದಗುತ್ತದೆ. ಬೆಂಗಳೂರಿನ ಡೆವಲಪರನೊಬ್ಬ ಸಹೋದ್ಯೋಗಿಗೆ ‘ಆ ಸರ್ವೀಸ್ ಪರವಾಗಿಲ್ಲ ಕಣೋ’ ಎಂದರೆ ಐದು ನಕ್ಷತ್ರಗಳ ಅಳತೆಗೋಲಿನಲ್ಲಿ ಅದು ಎರಡೂವರೆಯೋ ನಾಲ್ಕೋ? ಪಠ್ಯದಿಂದ ಹೇಳಲಾಗದು, ದನಿ ಬೇಕು.

‘ಕೈಕೊಡು’ವಿನ ನಾಲ್ಕು ನಿಷೇಧಗಳು

ಕನ್ನಡದಲ್ಲಿ ನಿಷೇಧವು ಒಂದೇ ರೂಪದ್ದಲ್ಲ. ಗ್ರಾಹಕಾಭಿಪ್ರಾಯಗಳ ವಿಶ್ಲೇಷಣೆಗೆ ಕನ್ನಡ ನೀಡಬಲ್ಲ ಮುಖ್ಯ ಕೊಡುಗೆ ಇಲ್ಲಿದೆ ಎಂದು ನನ್ನ ಭಾವನೆ. ಒಂದೇ ಕ್ರಿಯಾಪದವನ್ನು ತೆಗೆದುಕೊಳ್ಳೋಣ.

(1) ಈ ಸೇವೆ ನಮಗೆ ಕೈಕೊಟ್ಟಿಲ್ಲ.
(2) ಈ ಸೇವೆ ನಮಗೆ ಕೈಕೊಡಲಿಲ್ಲ.
(3) ಈ ಸೇವೆ ಕೈಕೊಡುವುದಿಲ್ಲ.
(4) ಈ ಸೇವೆ ಕೈಕೊಡದು.

(1) ಭೂತಕೃದಂತಕ್ಕೆ ‘ಇಲ್ಲ’ ಸೇರಿದ ರೂಪ. ಈ ಹೊತ್ತಿನವರೆಗೆ ಎಂಬ ಗಡಿ ಅದರಲ್ಲಿದೆ. ಮಾತಾಡುವವನು ಇನ್ನೂ ಸೇವೆಯನ್ನು ಬಳಸುತ್ತಿದ್ದಾನೆ, ನಾಳೆಯ ಬಗ್ಗೆ ಏನನ್ನೂ ಹೇಳುತ್ತಿಲ್ಲ. (2) ‘ಅಲ್’ ಪ್ರತ್ಯಯದ ಭಾವರೂಪಕ್ಕೆ ‘ಇಲ್ಲ’ ಸೇರಿದ್ದು. ಅಲ್ಲಿ ಅವಧಿ ಮುಗಿದಿದೆ: ಯೋಜನೆ ಮುಗಿದಿರಬಹುದು, ಬೇರೆ ಸೇವೆಗೆ ಹೋಗಿರಬಹುದು, ಅಥವಾ ಪರೀಕ್ಷಾಫಲಿತಾಂಶದ ದಿನದಂತಹ ಒಂದು ನಿರ್ದಿಷ್ಟ ದಟ್ಟಣೆಯನ್ನು ಸೇವೆ ತಾಳಿಕೊಂಡಿರಬಹುದು. ಇವೆರಡೂ ಅನುಭವದ ವರದಿಗಳು. ಅನುಭವವುಳ್ಳ ಗ್ರಾಹಕ ಆಡಬಹುದಾದ ಮಾತುಗಳು ಇವೇ.

(3) ಬೇರೆ ಜಾತಿಯದು. ಅದು ಸ್ವಭಾವವನ್ನು ಹೇಳುತ್ತದೆ, ಭವಿಷ್ಯಕ್ಕೂ ಭರವಸೆ ಕೊಡುತ್ತದೆ. ಸೇವೆಯನ್ನು ಮಾರುವವನು ಕೊಡಬೇಕಾದ ಭರವಸೆ ಅದು. ಗ್ರಾಹಕನ ಬಾಯಿಯಲ್ಲಿ ಬಂದಾಗ ಅವನು ತನ್ನ ಸಾಕ್ಷ್ಯದ ಎಲ್ಲೆ ದಾಟಿ ಮಾರುವವನ ಪಾತ್ರವನ್ನು ವಹಿಸಿಕೊಂಡಿರುತ್ತಾನೆ. (4) ಹಳಗನ್ನಡದಿಂದ ಉಳಿದು ಬಂದ ನಿಷೇಧ. ಧಾತುವಿಗೆ ನೇರವಾಗಿ ಪುರುಷವಾಚಕ ಸೇರುತ್ತದೆ. ಕಾಲಪ್ರತ್ಯಯಕ್ಕೆ ಅಲ್ಲಿ ಎಡೆಯೇ ಇಲ್ಲ. ಆದ್ದರಿಂದ ಅದು ಗಾದೆಯ ಗಾಂಭೀರ್ಯವನ್ನು ಪಡೆಯುತ್ತದೆ. ಜಾಹೀರಾತು ಬರೆಯುವವರಿಗೆ ಇದು ಪ್ರಿಯವಾಗಬಹುದು. ಸಾಕ್ಷಿಗೆ ಇದರಿಂದ ಪ್ರಯೋಜನವಿಲ್ಲ.

ಇಂಗ್ಲಿಷಿನಲ್ಲಿ ಈ ವರ್ಗದ ಸೇವೆಗಳ ಬಗ್ಗೆ ಅತ್ಯಂತ ರೂಢವಾದ ಹೊಗಳಿಕೆ ‘ಸುಮ್ಮನೆ ಕೆಲಸ ಮಾಡುತ್ತದೆ’ ಎಂಬರ್ಥದ, ಎರಡೇ ಪದಗಳ, ವರ್ತಮಾನಕಾಲದ ಮಾತು. ಅದು ಮೇಲಿನ ನಾಲ್ಕರಲ್ಲಿ ಯಾವುದಕ್ಕೆ ಸಮ ಎಂದು ಕೇಳಿದರೆ ಉತ್ತರ ಸುಲಭವಲ್ಲ. (1)ರ ಅನುಭವವನ್ನೂ (3)ರ ಭರವಸೆಯನ್ನೂ ಆ ವರ್ತಮಾನಕಾಲ ಒಟ್ಟಿಗೆ ಹೊತ್ತಿದೆ. ಅದನ್ನು ಕನ್ನಡಿಸಹೊರಟ ಅನುವಾದಕ ಎರಡರಲ್ಲಿ ಒಂದನ್ನು ಆರಿಸಲೇಬೇಕಾಗುತ್ತದೆ. ಆಯ್ಕೆಯ ಕಷ್ಟ ಅನುವಾದಕನದೆಂದು ತೋರಿದರೂ ಅಸ್ಪಷ್ಟತೆ ಮೂಲದಲ್ಲಿಯೇ ಇದೆ. ಆ ಅಸ್ಪಷ್ಟತೆಯಿಂದ ಲಾಭವಾಗುವುದು ಯಾರಿಗೆ ಎಂಬುದನ್ನು ಓದುಗರು ಊಹಿಸಬಲ್ಲರು.

ಅಭಿಪ್ರಾಯ ಸಂಗ್ರಹಿಸುವ ನಮೂನೆಗಳೂ ಈ ರೂಪಗಳನ್ನು ಪ್ರಭಾವಿಸುತ್ತವೆ. ಜಿ2ನಂತಹ ತಾಣಗಳು ‘ನಿಮಗೆ ಅತ್ಯಂತ ಹಿಡಿಸಿದ್ದೇನು’, ‘ಹಿಡಿಸದಿದ್ದದ್ದೇನು’ ಎಂದು ಎರಡು ಪ್ರತ್ಯೇಕ ಪ್ರಶ್ನೆ ಕೇಳುತ್ತವೆ. ಕೇಳಿದ ಮೇಲೆ ಉತ್ತರ ಕೊಡಬೇಕಲ್ಲ. ಹಾಗಾಗಿ ಎರಡನೆಯ ಖಾನೆಯಲ್ಲಿ ‘ಹೇಳುವಂಥದ್ದೇನೂ ಇಲ್ಲ’ ಎಂಬುದು ಬಂದು ಕೂರುತ್ತದೆ. ಬೆಲೆಯ ಬಗೆಗಿನ ಗೊಣಗಾಟವೂ ಅಲ್ಲಿಯದೇ. ನಿಷೇಧವನ್ನು ನಿಷೇಧಿಸುವ ಈ ಉತ್ತರವನ್ನು ತೆಗಳಿಕೆಯ ಖಾನೆಯ ಪಠ್ಯವೆಂದು ಎಣಿಸುವುದು ಎಷ್ಟು ತಪ್ಪು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಯಾರು ಕಂಡದ್ದು

ಸಾಕ್ಷ್ಯದ ಮಾತು ಬಂದಾಗ ‘ಅಂತೆ’ಯನ್ನು ಬಿಡುವಂತಿಲ್ಲ. ಕನ್ನಡದಲ್ಲಿ ತಾನು ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಈ ಪುಟ್ಟ ಪ್ರತ್ಯಯ ಗೆರೆ ಎಳೆಯುತ್ತದೆ.

(5) ಎರಡು ವಾರದ ಕೆಲಸ ಒಂದು ದಿನದಲ್ಲಿ ಮುಗಿಯಿತು.
(6) ಎರಡು ವಾರದ ಕೆಲಸ ಒಂದು ದಿನದಲ್ಲಿ ಮುಗಿಯಿತಂತೆ.

ಸೇವಾಸಂಸ್ಥೆಗಳು ಪ್ರಚಾರಕ್ಕೆ ಬಳಸುವ ಗ್ರಾಹಕರ ಮಾತುಗಳ ಕೆಳಗೆ ಹೆಸರೂ ಹುದ್ದೆಯೂ ಇರುತ್ತವೆ, ಹುದ್ದೆ ದೊಡ್ಡದಾದಷ್ಟೂ ಒಳ್ಳೆಯದೆಂಬಂತೆ. ಸ್ಥಾಪಕರು, ತಾಂತ್ರಿಕ ಮುಖ್ಯಸ್ಥರು ಮುಂತಾದವರು. ಆದರೆ ಕೋಡ್ ಬರೆದವರು, ರಾತ್ರಿ ಎದ್ದು ದೋಷಗಳನ್ನು ನೋಡುವವರು ಬಹುಶಃ ಅವರ ಕೈಕೆಳಗಿನವರು. ಮುಖ್ಯಸ್ಥರು ಕನ್ನಡದಲ್ಲಿ ಪ್ರಾಮಾಣಿಕವಾಗಿ ಮಾತಾಡಿದ್ದರೆ ಅನೇಕ ಕಡೆ (6) ಬರಬೇಕಾಗಿತ್ತು. ಹಾಗೆ ಬಂದರೆ ಅದು ಪ್ರಚಾರಕ್ಕೆ ಒದಗದು: ‘ಅಂತೆ’ ತಗಲಿದ ಒಡನೆ ಹೊಗಳಿಕೆ ಗಾಳಿಮಾತಾಗುತ್ತದೆ. ಇಂಗ್ಲಿಷಿನಲ್ಲಿ ಈ ಭೇದವನ್ನು ಸೂಚಿಸಲು ಬೇರೆ ಉಪಾಯಗಳಿದ್ದರೂ ವ್ಯಾಕರಣವು ಒತ್ತಾಯಿಸುವುದಿಲ್ಲ. ಕನ್ನಡದಲ್ಲಿಯೂ ಅದು ಕಟ್ಟುನಿಟ್ಟಾದ ಕಡ್ಡಾಯವಲ್ಲ; ಆದರೆ ಕೇಳಿದ್ದನ್ನು ಕಂಡಂತೆ ಹೇಳಿದವನನ್ನು ‘ನೀನೇ ನೋಡಿದೆಯಾ?’ ಎಂದು ಕೇಳುವ ಹಕ್ಕನ್ನು ಕೇಳುಗನಿಗೆ ಕೊಡುವಷ್ಟು ಬಲ ಅದಕ್ಕಿದೆ.

ಕಾನೂನು ಇದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ಕೇಳುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿಗಳ ಪ್ರಕಾರ, ಉತ್ಪನ್ನದ ಬಳಕೆದಾರನೆಂದು ಜಾಹೀರಾತಿನಲ್ಲಿ ತೋರಿಸಲಾದ ವ್ಯಕ್ತಿ ಆ ಅಭಿಪ್ರಾಯ ಕೊಡುವಾಗ ನಿಜಕ್ಕೂ ಬಳಕೆದಾರನಾಗಿರಬೇಕು. 2024ರ ಆಗಸ್ಟಿನಲ್ಲಿ ಅದೇ ಆಯೋಗ ನಕಲಿ ವಿಮರ್ಶೆಗಳನ್ನು ನಿಷೇಧಿಸುವ ನಿಯಮವನ್ನು ಹೊರಡಿಸಿತು. ಭಾರತದಲ್ಲಿ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಗ್ರಾಹಕರ ಆನ್‌ಲೈನ್ ವಿಮರ್ಶೆಗಳಿಗಾಗಿ ಐಎಸ್ 19000:2022 ಎಂಬ ಮಾನಕವನ್ನು ತಂದಿದೆ. ಇವೆಲ್ಲ ಕೇಳುವುದು ಬರೆದವರು ಇದ್ದಾರೆಯೇ, ಬಳಸಿದ್ದಾರೆಯೇ ಎಂದು. ವಾಕ್ಯದೊಳಗಿನ ಪ್ರತಿಯೊಂದು ಸಂಗತಿಯನ್ನು ಕಂಡವರು ಯಾರು ಎಂಬ ಸೂಕ್ಷ್ಮತೆಗೆ ಕಾನೂನು ಇಳಿಯಲಾರದು. ‘ಅಂತೆ’ ಇಳಿಯುತ್ತದೆ.

‘ನಾವು’ ಎಂದರೆ ಎಷ್ಟು ಜನ

ಈ ಅಭಿಪ್ರಾಯಗಳ ಕರ್ತೃ ಬಹುಮಟ್ಟಿಗೆ ‘ನಾವು’. ‘ನಮಗೆ ಸಮಯ ಉಳಿಯಿತು’, ‘ನಮ್ಮ ತಲೆನೋವು ಹೋಯಿತು’. ತುಳುವಿನಲ್ಲಿ ಕೇಳುಗನನ್ನು ಒಳಗೊಳ್ಳುವ ‘ನಮ’ ಬೇರೆ, ಹೊರಗಿಡುವ ‘ಎಂಕುಳು’ ಬೇರೆ. ತೆಲುಗಿನಲ್ಲಿ ‘ಮನಮು’ ಮತ್ತು ‘ಮೇಮು’. ಇಂದಿನ ಕನ್ನಡದ ‘ನಾವು’ ಇಂಗ್ಲಿಷಿನಂತೆಯೇ ಈ ಭೇದವನ್ನು ಮಾಡದು. ತುಳು ಮಾತಾಡುವ ಡೆವಲಪರ್ ಇಂಥ ಅಭಿಪ್ರಾಯ ಹೇಳುವಾಗ, ತನ್ನ ಸಂಸ್ಥೆಯ ಅನುಭವವನ್ನು ಹೇಳುತ್ತಿದ್ದಾನೋ ಓದುವ ಇತರ ಡೆವಲಪರುಗಳನ್ನೂ ಸೇರಿಸಿಕೊಂಡು ‘ನಮ್ಮಂಥವರ’ ಕಷ್ಟವನ್ನು ಹೇಳುತ್ತಿದ್ದಾನೋ ಎಂಬುದನ್ನು ಸರ್ವನಾಮದಲ್ಲಿಯೇ ತೀರ್ಮಾನಿಸಬೇಕಾಗುತ್ತದೆ. ಕನ್ನಡದಲ್ಲಿ ಮಾತು ಮೊದಲನೆಯದರಲ್ಲಿ ಹೊರಟು ಎರಡನೆಯದಕ್ಕೆ ಸದ್ದಿಲ್ಲದೆ ಜಾರಬಹುದು, ಮತ್ತು ಒಬ್ಬರ ಅನುಭವ ಎಲ್ಲರ ಅನುಭವದಂತೆ ಕೇಳಿಸಬಹುದು.

ಆದರೆ ಒಳಗೊಳ್ಳುವ ಸರ್ವನಾಮವೂ ಒಳಗೊಳ್ಳದ ಒಬ್ಬರಿದ್ದಾರೆ: ಕಡತದ ಒಡೆಯರು. ಅವರು ಮಾತಾಡುವವರೂ ಅಲ್ಲ, ಕೇಳುವವರೂ ಅಲ್ಲ. ಹೊಗಳಿಕೆಯಲ್ಲಿ ಅವರು ಪ್ರಥಮಪುರುಷದಲ್ಲಿ, ಅದೂ ‘ಬಳಕೆದಾರರು ದೂರಲಿಲ್ಲ’ ಎಂಬ ನಿಷೇಧದ ಕರ್ತೃಗಳಾಗಿ ಮಾತ್ರ ಬರುತ್ತಾರೆ. ಏರಿಸಿದ ಭಾವಚಿತ್ರದೊಳಗೆ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳು ಉಳಿದಿರಬಹುದು, ಆಧಾರ್ ಪ್ರತಿ ಹೊರದೇಶದ ಉಗ್ರಾಣ ಸೇರಿರಬಹುದು. ಅವರು ದೂರದಿರುವುದಕ್ಕೆ ತೃಪ್ತಿಯೂ ಕಾರಣವಾಗಿರಬಹುದು, ತಿಳಿಯದಿರುವುದೂ ಕಾರಣವಾಗಿರಬಹುದು. ನಿಷೇಧವಾಕ್ಯ ಈ ಎರಡನ್ನು ಬೇರ್ಪಡಿಸದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ದತ್ತಾಂಶ ಯಾರದೋ ಆ ವ್ಯಕ್ತಿ, ದತ್ತಾಂಶ ಏಕೆ ಬೇಕೆಂದು ತೀರ್ಮಾನಿಸುವ ಸಂಸ್ಥೆ, ಅದರ ಪರವಾಗಿ ಸಂಸ್ಕರಿಸುವವರು ಎಂದು ಮೂವರನ್ನು ಹೆಸರಿಸುತ್ತದೆ. (ಆ ಕಾಯಿದೆ ಲಿಂಗಭೇದವಿಲ್ಲದೆ ಎಲ್ಲ ವ್ಯಕ್ತಿಗಳನ್ನೂ ಸ್ತ್ರೀಲಿಂಗ ಸರ್ವನಾಮದಿಂದ ಸೂಚಿಸಿರುವುದು ಭಾಷಾವಿದ್ಯಾರ್ಥಿಗಳ ಗಮನಕ್ಕೆ ಅರ್ಹ.) ಗ್ರಾಹಕಾಭಿಪ್ರಾಯಗಳ ಸಂವಾದದಲ್ಲಿ ಇರುವುದು ಕೊನೆಯ ಇಬ್ಬರೇ.

ಮೊದಲನೆಯವರ ಮಾತು ಕೇಳಬೇಕೆಂದರೆ ಬೇರೆಡೆಗೆ ಹೋಗಬೇಕು. ವಿದ್ಯಾರ್ಥಿವೇತನಕ್ಕೋ ಪ್ರವೇಶಪರೀಕ್ಷೆಗೋ ಅರ್ಜಿ ತುಂಬುವ ದಿನಗಳಲ್ಲಿ ಯಾವುದೇ ತಾಲ್ಲೂಕು ಕೇಂದ್ರದ ಸೈಬರ್ ಕೇಂದ್ರದಲ್ಲಿ ನಿಂತರೆ ಇದೇ ವಿಷಯದ ಕುರಿತು ಕನ್ನಡದ ಅಭಿಪ್ರಾಯಗಳು ಧಾರಾಳವಾಗಿ ಕಿವಿಗೆ ಬೀಳುತ್ತವೆ.

(7) ಫೋಟೋ ಅಪ್‌ಲೋಡ್ ಆಗ್ತಿಲ್ಲ.
(8) ನನ್ನ ಕೈಲಿ ಅಪ್‌ಲೋಡ್ ಮಾಡೋಕೆ ಆಗ್ಲಿಲ್ಲ.

ಇಂಗ್ಲಿಷ್ ಪದವನ್ನು ಕನ್ನಡ ಒಳಗೆ ಬಿಟ್ಟುಕೊಳ್ಳುವಾಗ ಅದಕ್ಕೆ ‘ಮಾಡು’ ಇಲ್ಲವೇ ‘ಆಗು’ ಜೋಡಿಸುತ್ತದೆ. ಸಕರ್ಮಕವೋ ಅಕರ್ಮಕವೋ ಎಂಬುದು ಆಗ ನಿಶ್ಚಯವಾಗುತ್ತದೆ. (7)ರಲ್ಲಿ ಮಾಡುವವನೇ ಇಲ್ಲ. ತಪ್ಪು ಫೋಟೋದ್ದೋ ಸರ್ವರಿನದೋ ಅರ್ಜಿದಾರನದೋ ಎಂಬುದನ್ನು ವಾಕ್ಯ ತೆರೆದೇ ಇಡುತ್ತದೆ. (8)ರಲ್ಲಿ ‘ನನ್ನ ಕೈಲಿ’ ಬಂದೊಡನೆ ಸೋಲು ಮಾತಾಡುವವರದಾಗುತ್ತದೆ. 413 ಎಂಬ ಸಂಖ್ಯೆಯನ್ನು ಮರಳಿಸಿದ್ದು ಯಾವುದೋ ಸರ್ವರಿನ ಗಾತ್ರಮಿತಿ. ಆದರೆ ಅರ್ಜಿ ಸಲ್ಲಿಸಲಾಗದೆ ಮನೆಗೆ ಮರಳಿದ ಹುಡುಗಿ ತಾಯಿಗೆ ಹೇಳುವುದು (8)ನ್ನು. ಸೈಬರ್ ಕೇಂದ್ರದವನು ‘ಸೈಜು ಜಾಸ್ತಿ ಆಯ್ತಮ್ಮ, ಕಮ್ಮಿ ಮಾಡ್ಕೊಡ್ತೀನಿ’ ಎಂದು ಹತ್ತು ರೂಪಾಯಿ ತೆಗೆದುಕೊಂಡು ನೆರವಾದರೆ, ಡೆವಲಪರುಗಳಿಗೆ ಸೇವಾಸಂಸ್ಥೆ ಮಾಡುವ ಕೆಲಸವನ್ನೇ ಅವನು ಅವಳಿಗೆ ಮಾಡಿದಂತಾಯಿತು. ಅವನ ಬಗ್ಗೆ ಅವಳ ಅಭಿಪ್ರಾಯವೂ ಬಹುಶಃ ನಿಷೇಧರೂಪದ್ದೇ: ‘ಏನೂ ತೊಂದರೆ ಆಗ್ಲಿಲ್ಲ.’

ಕನ್ನಡದಲ್ಲಿ ಇಂಥ ಅಭಿಪ್ರಾಯಗಳ ಪಠ್ಯಸಂಚಯವನ್ನು ಗುರುತುಹಾಕಿ ಸಿದ್ಧಗೊಳಿಸುವವರಿಗೆ, ಮೆಚ್ಚುಗೆ–ತೆಗಳಿಕೆ ಎಂಬ ಎರಡು ಚೀಟಿಗಳು ಸಾಲವು. ನಿಷೇಧದ ರೂಪ ‘ಟ್ಟಿಲ್ಲ’ವೋ ‘ಲಿಲ್ಲ’ವೋ ‘ವುದಿಲ್ಲ’ವೋ ಎಂಬುದನ್ನೂ, ‘ಅಂತೆ’ ಇದೆಯೇ ಎಂಬುದನ್ನೂ, ಅಪ್‌ಲೋಡಿಗೆ ಜೋಡಿಸಿದ್ದು ‘ಮಾಡು’ವೋ ‘ಆಗು’ವೋ ಎಂಬುದನ್ನೂ ಬೇರೆ ಬೇರೆಯಾಗಿ ಗುರುತಿಸಿಕೊಳ್ಳಬೇಕು, ಈ ಮೂರೂ ಪದದ ಮೇಲ್ಮೈಯಲ್ಲಿಯೇ ಕಾಣುವುದರಿಂದ ಕೆಲಸ ಕಠಿನವಲ್ಲ. ‘ನಾವು’ವಿನ ವ್ಯಾಪ್ತಿಯನ್ನು ಮಾತ್ರ ಸಂದರ್ಭ ಓದಿ ಇಬ್ಬರಾದರೂ ಸ್ವತಂತ್ರವಾಗಿ ತೀರ್ಮಾನಿಸಬೇಕು. ‘ಪರವಾಗಿಲ್ಲ’ ಬಂದ ವಾಕ್ಯಗಳನ್ನು, ಧ್ವನಿಮುದ್ರಣ ಜೊತೆಗಿಲ್ಲದಿದ್ದರೆ, ಯಾವ ಗುಂಪಿಗೂ ಸೇರಿಸದೆ ಪ್ರತ್ಯೇಕವಾಗಿಡುವುದು ಲೇಸು.